ನೀರಿನ ಜಗ್ಗಿಗೆ ಅಂಟಿದ ಟೇಪು

ಸ್ಕೇಲು ಅಂಗಿಯ ತೋಳಿನೊಳಗೆ ಅರ್ಧ ಹೋಗಿತ್ತು. ಇನ್ನು ಸ್ವಲ್ಪ ತಳ್ಳಿದರೆ ತುರಿಸುವ ಜಾಗ ಸಿಗುತ್ತಿತ್ತು. ಅಷ್ಟರಲ್ಲಿ ಗಣಿತದ ಮಿಸ್ ಬೋರ್ಡಿನಿಂದ ತಿರುಗಿದರು.

"ಬಟ್ಟೆಯೊಳಗೆ ಏನು ಅಳೀತಾ ಇದ್ದೀಯ?"

ಕ್ಲಾಸು ಕಿಸಕ್ಕೆಂದಿತು. "ಏನಿಲ್ಲ ಮಿಸ್" ಎಂದು ಬಟಾಣಿ ಸ್ಕೇಲನ್ನು ಡೆಸ್ಕಿನ ಮೇಲಿಟ್ಟು ಕೈಕಟ್ಟಿ ಕೂತಳು. ಕೈಕಟ್ಟುವುದರಲ್ಲೂ ಒಂದು ಅನುಕೂಲವಿದೆ. ಬೆರಳುಗಳು ಮೊಣಕೈ ಹತ್ತಿರವೇ ಇರುತ್ತವೆ, ಯಾರಿಗೂ ಗೊತ್ತಾಗದ ಹಾಗೆ ಒತ್ತಿಕೊಳ್ಳಬಹುದು.

ಬಟಾಣಿ ಅವಳ ಸ್ಕೂಲಿನ ಹೆಸರಲ್ಲ. ಚಿಕ್ಕವಳಿದ್ದಾಗ ದುಂಡಗಿದ್ದಳಂತೆ, ಅಣ್ಣ ಹಾಗೆ ಕರೆದ. ಈಗ ಕಡ್ಡಿಯ ಹಾಗಿದ್ದಾಳೆ. ಹೆಸರು ಮಾತ್ರ ಕರಗಲಿಲ್ಲ.

ಹಿಂದಿನ ವಾರ ಸ್ಕೂಲಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಲು ಹೋಗಿ ಬಿದ್ದಿದ್ದಳು. ಮೊಣಕೈ ಕೆಳಗೆ ಚರ್ಮ ತರಚಿತ್ತು. ಆಸ್ಪತ್ರೆಗೆ ಹೋಗುವ ಮಾತೇ ಇರಲಿಲ್ಲ, ಅಮ್ಮನೇ ನರ್ಸು. ದಿನವಿಡೀ ವಾರ್ಡಿನಲ್ಲಿ ಬೇರೆಯವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ, ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈ ತೊಳೆದು, ಮಗಳ ಕೈ ಹಿಡಿದಳು. ಗಾಯದ ಮೇಲೆ ಬಿಳಿ ಬಟ್ಟೆಯ ತುಂಡು, ಸುತ್ತಲೂ ನಾಲ್ಕು ಪಟ್ಟಿ ಟೇಪು. ಒಂದು ಮೂಲೆಯೂ ಎದ್ದಿರಲಿಲ್ಲ.

"ನಾನು ಹಾಕಿದ ಡ್ರೆಸ್ಸಿಂಗ್ ಬಿಚ್ಚಬೇಕಾದರೆ ನಾನೇ ಬರಬೇಕು" ಎಂದಿದ್ದಳು ಅಮ್ಮ. ಅವಳು ತನ್ನನ್ನು ತಾನು ಹೊಗಳಿಕೊಳ್ಳುತ್ತಿದ್ದದ್ದು ಅದೊಂದೇ ವಿಷಯಕ್ಕೆ.

ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಒಬ್ಬರಿದ್ದರು. ಅಮ್ಮನ ವಾರ್ಡಿನ ಕೀಳೋ ತಾತ. ಸ್ಟ್ರೋಕ್ ಹೊಡೆದು ಅವರ ಮಾತು ನಿಂತುಹೋಗಿತ್ತು, ಒಂದು ಕೈ ಮಾತ್ರ ಆಡುತ್ತಿತ್ತು. ಬಿದ್ದಾಗ ಕಾಲಿಗೆ ದೊಡ್ಡ ಗಾಯವೂ ಆಗಿತ್ತು. ಅಮ್ಮ ಎಷ್ಟು ಸಲ ಡ್ರೆಸ್ಸಿಂಗ್ ಹಾಕಿದರೂ ಆ ಒಂದೇ ಕೈಯಲ್ಲಿ ಕಿತ್ತುಬಿಡುತ್ತಿದ್ದರು. ಕಿತ್ತ ಟೇಪನ್ನು ಸುಮ್ಮನೆ ಬಿಸಾಡುತ್ತಲೂ ಇರಲಿಲ್ಲ, ಎಲ್ಲಾದರೂ ಅಂಟಿಸುತ್ತಿದ್ದರು.

ಊಟಕ್ಕೆ ಕೂತಾಗ ಅಣ್ಣ ಕೇಳುವ ಮೊದಲ ಪ್ರಶ್ನೆಯೇ ಅದು. "ಇವತ್ತು ಎಲ್ಲಿಗೆ?"

ಮಂಚದ ಕಂಬಿಗೆ ಎನ್ನುತ್ತಿದ್ದಳು ಅಮ್ಮ ಒಂದು ದಿನ. ಇನ್ನೊಂದು ದಿನ ಡಾಕ್ಟರ್ ಕೈಲಿದ್ದ ಫೈಲಿಗೆ. ಡಾಕ್ಟರ್ ಮುಖ ಹೇಗಾಯಿತೆಂದು ಅಮ್ಮ ಮಾಡಿ ತೋರಿಸಿದಾಗ ಅಪ್ಪನಿಗೆ ನೀರು ನೆತ್ತಿಗೇರಿತ್ತು. ನಾಳೆ ನಿನ್ನ ಹಣೆಗೇ ಅಂಟಿಸ್ತಾರೆ ನೋಡು ಎಂದಿದ್ದ ಅಣ್ಣ. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಟಾಣಿ.

ಆಮೇಲೆ ಅವಳ ಕೈ ತುರಿಸಲು ಶುರುವಾಯಿತು.

ಗಾಯ ಮಾಗುವಾಗ ತುರಿಕೆ ಇದ್ದೇ ಇರುತ್ತೆ, ಕೆರೀಬೇಡ ಎಂದಳು ಅಮ್ಮ. ಬಟಾಣಿ ಕೆರೆಯಲಿಲ್ಲ, ಬರೀ ಉಜ್ಜಿದಳು. ಮರುದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಚರ್ಮ ಕೆಂಪಾಗಿತ್ತು. "ಬೆರಳು ಹಾಕಿದ್ದೀಯ" ಎಂದು ಅಮ್ಮ ಬೈದು, ಬೆರಳು ತೂರದ ಹಾಗೆ ಇನ್ನೂ ಅಗಲವಾದ ಟೇಪು ಹಾಕಿದಳು. ಅಗಲವಾದ ಟೇಪು ಇನ್ನೂ ಅಗಲವಾಗಿ ತುರಿಸಿತು.

ಹೇಳಬಹುದಿತ್ತು. ಆದರೆ ಹೇಳುವುದಾದರೂ ಏನು? ಅಮ್ಮಾ, ನೀನು ಹಾಕಿದ್ದು ಕಿತ್ತುಹಾಕೋ ಹಾಗಾಗ್ತಿದೆ ಅಂತಲೇ? ಅಣ್ಣ ಕಾದು ಕೂತಿದ್ದಾನೆ. ಮರುಕ್ಷಣವೇ ಅವಳು ಕೀಳೋ ಬಟಾಣಿ.

ಒಂದು ಬೆಳಗ್ಗೆ ಸ್ನಾನಕ್ಕೆ ಹೋದಾಗ ಅವಳು ಟೇಪಿನ ಒಂದು ಬದಿಯನ್ನು ಮೆಲ್ಲಗೆ ಎತ್ತಿ ನೋಡಿದಳು. ಒಳಗೆ ಗಾಯ ಒಣಗುತ್ತಿತ್ತು. ಅದರ ಸುತ್ತ ಸ್ವಲ್ಪ ಜಾಗ ಚೆನ್ನಾಗಿಯೇ ಇತ್ತು. ಕೆಂಪು ಇದ್ದದ್ದು ಅದರಾಚೆ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನಾಲ್ಕು ಕಡೆ, ಸಣ್ಣ ಸಣ್ಣ ಗುಳ್ಳೆಗಳ ಜೊತೆ. ಫೋಟೋಗೆ ಫ್ರೇಮು ಹಾಕಿದಂತಿತ್ತು.

ಕೆರೆದರೆ ಇಷ್ಟು ನೇರವಾಗಿ ಕೆಂಪಾಗುತ್ತದೆಯೇ? ಬಟಾಣಿ ಎತ್ತಿದ ಟೇಪನ್ನು ಒತ್ತಿ ಕೂರಿಸಿ ಯೋಚಿಸಿದಳು.

ಬಟ್ಟೆ ಹಾಕಿಕೊಂಡ ಮೇಲೆ ಅಮ್ಮನ ಡ್ರೆಸ್ಸಿಂಗ್ ಡಬ್ಬಿಯಿಂದ ಒಂದು ಪಟ್ಟಿ ಟೇಪು ಕತ್ತರಿಸಿಕೊಂಡಳು. ಅದನ್ನು ಕಾಲಿನ ಹಿಂಬದಿಗೆ, ಮೀನಖಂಡಕ್ಕೆ ಅಂಟಿಸಿದಳು. ಅಲ್ಲಿ ಗಾಯವಿಲ್ಲ, ಸೊಳ್ಳೆ ಕಚ್ಚಿದ ಗುರುತೂ ಇಲ್ಲ. ಮೇಲೆ ಪ್ಯಾಂಟು ಇಳಿಬಿಟ್ಟು ಸ್ಕೂಲಿಗೆ ಹೋದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಲೂ ತುರಿಸತೊಡಗಿತು. ಕೈ ಒಂದು ಕಡೆ, ಕಾಲು ಒಂದು ಕಡೆ. ಆದರೂ ಅವಳು ಕಾಲು ಮುಟ್ಟಲಿಲ್ಲ. ಮುಟ್ಟಿದರೆ ಕೆರೆದೆ ಎನ್ನುತ್ತಾರೆ.

ಆ ಸಂಜೆ ಊಟಕ್ಕೆ ಕೂತಾಗ ಅಣ್ಣ ಎಂದಿನಂತೆ ಕೇಳಿದ. "ಇವತ್ತು ಎಲ್ಲಿಗೆ?"

"ನನ್ನ ತೋಳಿಗೆ" ಎಂದಳು ಅಮ್ಮ. ಏನನ್ನೂ ಮಾಡಿ ತೋರಿಸಲಿಲ್ಲ. ತಟ್ಟೆಯಲ್ಲಿದ್ದುದನ್ನು ಕಲಸುತ್ತ ಕೂತಳು. ಗಾಯ ಹೀಗೆ ಬಿಟ್ಟರೆ ಕೀವಾಗುತ್ತೆ ಅಂತ ಡಾಕ್ಟರ್ ಹೇಳಿದ್ದರಂತೆ. ನಾಳೆ ಬೆಳಗ್ಗೆಯಿಂದ ತಾತನ ಕೈಗೆ ಬಟ್ಟೆಯ ಚೀಲ ಹಾಕಿ ಮಂಚಕ್ಕೆ ಕಟ್ಟಬೇಕಂತೆ.

"ಯಾವ ಕೈ?" ಎಂದು ಅಪ್ಪ ಕೇಳಿದ.

"ಆಡೋದು ಒಂದೇ ಅಲ್ವಾ? ಅದೇ."

ಯಾರೂ ನಗಲಿಲ್ಲ.

ಬಟಾಣಿ ಬಾಯಿ ತೆರೆದಳು. ಅಮ್ಮಾ ಎನ್ನುವವರೆಗೆ ಮಾತ್ರ ಬಂತು. ಅಮ್ಮನ ಕಣ್ಣು ಆಗಲೇ ಅರ್ಧ ಮುಚ್ಚುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಎದ್ದುಹೋಗಿ ಮಲಗುತ್ತಾಳೆ. ಬೆಳಗ್ಗೆ ಡ್ಯೂಟಿಗೆ ಹೊರಡುತ್ತಾಳೆ.

ಬಟಾಣಿ ಪ್ಯಾಂಟು ಮೇಲೆತ್ತಿದಳು. ಮೀನಖಂಡದಿಂದ ಟೇಪು ಕಿತ್ತಳು. ಕಿತ್ತು, ಅಮ್ಮನ ಎದುರಿಗಿದ್ದ ನೀರಿನ ಜಗ್ಗಿಗೆ ಅಂಟಿಸಿದಳು.

"ಮುಗೀತು, ಮನೆಗೂ ಒಬ್ಬರು ಕೀಳೋ ತಾತ ಬಂದರು" ಎಂದ ಅಣ್ಣ.

ಅಮ್ಮ ಜಗ್ಗು ನೋಡಿದಳು. ಮಗಳು ತಿರುಗಿಸಿ ಹಿಡಿದಿದ್ದ ಕಾಲು ನೋಡಿದಳು. ಟೇಪಿನಷ್ಟೇ ಉದ್ದ, ಟೇಪಿನಷ್ಟೇ ಅಗಲದ ಒಂದು ಕೆಂಪು ಪಟ್ಟಿ.

"ಇಲ್ಲಿ ಯಾವಾಗ ಬಿದ್ದೆ?"

"ಬಿದ್ದಿಲ್ಲ. ಸುಮ್ನೆ ಅಂಟಿಸಿದ್ದೆ. ಕೆರೆದೂ ಇಲ್ಲ."

ಅಮ್ಮ ಎದ್ದು ಕೈ ತೊಳೆದಳು. ಹತ್ತಿಗೆ ಎಣ್ಣೆ ಹಚ್ಚಿ, ಬಟಾಣಿಯ ಕೈಮೇಲಿನ ಟೇಪನ್ನು ಒದ್ದೆ ಮಾಡುತ್ತ, ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಕೆಂಪು ಫ್ರೇಮು ಹೊರಬಿತ್ತು. ಅಮ್ಮ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಅಂಟು ನಿನಗೆ ಆಗಿಬರಲ್ಲ" ಎಂದಳು. "ಕೆಲವರಿಗೆ ಆಗಲ್ಲ. ನಾನು ದಿನಾ ಅದರ ಮೇಲೇ ಹಾಕ್ತಾ ಬಂದೆ. ಹೇಳಬಾರದಿತ್ತಾ?"

ಬಟಾಣಿ ತನ್ನ ಕೈ ನೋಡಿಕೊಂಡಳು. "ತಾತಂಗೂ ಹಿಂಗೇ ಚೌಕವಾಗಿ ಆಗಿದೆಯಾ?" ಎಂದು ಕೇಳಿದಳು.

ಅಮ್ಮನ ಕೈ ನಿಂತಿತು. ತಾತನ ಕಾಲು ಕೆಂಪಾಗಿದೆ ಎಂದಳು ನಿಧಾನವಾಗಿ. ಕೆರೆದುಕೊಳ್ತಾರೆ, ಅದಕ್ಕೆ ಕೆಂಪು ಅಂದುಕೊಂಡಿದ್ದೆವು. ಚೌಕವೋ ಏನೋ ಯಾರೂ ನೋಡಲಿಲ್ಲ.

ಎದ್ದುಹೋಗಿ ಫೋನ್ ಮಾಡಿದಳು. ವಾರ್ಡಿನಲ್ಲಿದ್ದ ನರ್ಸಿಗೆ ತಾತನ ಕಾಲು ನೋಡಲು ಹೇಳಿ, ಫೋನ್ ಕಿವಿಗಿಟ್ಟುಕೊಂಡೇ ಕಾದಳು. ಆಮೇಲೆ "ಹೂಂ" ಎಂದಳು. "ಚೌಕವಾಗೇ ಇದೆಯಾ? ಹೂಂ" ಎಂದಳು. ಟೇಪು ಬೇಡ, ಸುತ್ತೋ ಬ್ಯಾಂಡೇಜ್ ಹಾಕು, ತುದಿಯನ್ನ ಗಂಟು ಕಟ್ಟು, ಡಾಕ್ಟರಿಗೂ ಈಗಲೇ ತೋರಿಸು ಎಂದಳು.

ಬಂದು ಬಟಾಣಿಯ ಕೈಗೂ ಉದ್ದನೆಯ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದಳು. ಗಂಟು ಸ್ವಲ್ಪ ವಕ್ರವಾಯಿತು. ಅಮ್ಮ ಅದನ್ನು ಸರಿಮಾಡಲು ಹೋಗಲಿಲ್ಲ.

ಮರುದಿನ ಊಟಕ್ಕೆ ಕೂತಾಗ ಅಣ್ಣ ಸ್ವಲ್ಪ ಅಳುಕುತ್ತಲೇ ಕೇಳಿದ. "ಇವತ್ತು?"

"ಕೀಳಲಿಲ್ಲ" ಎಂದಳು ಅಮ್ಮ. ಕೈಯನ್ನೂ ಕಟ್ಟಲಿಲ್ಲವಂತೆ. ತಾತ ಮಧ್ಯಾಹ್ನವೆಲ್ಲ ನಿದ್ದೆ ಹೊಡೆದರಂತೆ.

ಅಣ್ಣ ನೀರಿನ ಜಗ್ಗನ್ನು ತನ್ನ ಕಡೆ ಎಳೆದುಕೊಂಡ. ತೊಳೆದಿದ್ದರೂ ಅದರ ಮೇಲೆ ನಿನ್ನೆಯ ಟೇಪಿನ ಅಂಟು ಮಸುಕಾಗಿ ಉಳಿದಿತ್ತು. ನಿನ್ನೆ ಅದು ಅಮ್ಮನ ತಟ್ಟೆಗೆ ನೇರ ಎದುರಿಗಿತ್ತು.

ಬಟಾಣಿ ಅದನ್ನೇ ನೋಡುತ್ತ ಕೂತಳು. ಮಂಚದ ಕಂಬಿ. ಡಾಕ್ಟರ್ ಕೈಲಿದ್ದ ಫೈಲು. ಅಮ್ಮನ ತೋಳು.

ಈ ಟೇಪು ಆಗಿಬರಲ್ಲ ಅಂತ ತಾತ ಅವರಿಗೆಲ್ಲ ದಿನಾ ಹೇಳುತ್ತಲೇ ಇದ್ದರು.