ಗುರುತಿನ ತುತ್ತು

"ಕೈ ಮೇಲಕ್ಕೆತ್ತಿ ತಲೆಯ ಹಿಂದೆ ಇಟ್ಟುಕೊಳ್ಳಿ. ಉಸಿರು ಬಿಗಿಹಿಡಿಯಬೇಡಿ" ಎಂದಿತು ಯಂತ್ರ.

ನಂಜಮಣಿ ಹಾಗೆಯೇ ಮಾಡಿದಳು. ಕಣ್ಣಿಗೆ ಕಪ್ಪು ಕನ್ನಡಕ, ಕಂಕುಳಿಗೆ ತಣ್ಣನೆಯ ಲೋಳೆ. ಯಂತ್ರದ ಬಿಳಿ ತೋಳು ಬಾಗಿ ಬಂದು ಬಲಗಂಕುಳ ಮೇಲೆ ನಿಂತಿತು. ಆಮೇಲೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟ್ ಚಟ್ ಎಂದು ಸಣ್ಣ ಏಟುಗಳು, ಪ್ರತಿ ಏಟಿನ ಹಿಂದೆಯೇ ತಂಗಾಳಿ. ಸುಟ್ಟ ಕೂದಲಿನ ಕಮಟು ವಾಸನೆ ಒಂದು ಕ್ಷಣ ಮೂಗಿಗೆ ಬಡಿಯಿತು. ನೋವಿಗಿಂತ ನಾಚಿಕೆಯೇ ಹೆಚ್ಚಾಗಿ ಅವಳು ಹಲ್ಲು ಕಚ್ಚಿ ಮಲಗಿದ್ದಳು. ಹಿಂದಿನ ದಿನ ಬ್ಲೇಡಿನಲ್ಲಿ ನುಣ್ಣಗೆ ಬೋಳಿಸಿಕೊಂಡು ಬರಬೇಕು, ಕೂದಲು ಕೀಳಬಾರದು, ಪೌಡರ್ ಹಚ್ಚಬಾರದು ಎಂದು ಮೊದಲೇ ಹೇಳಿದ್ದರು. ಅಷ್ಟನ್ನೂ ವ್ರತದಂತೆ ಪಾಲಿಸಿದ್ದಳು.

ಆ ಯಂತ್ರದ ಹೆಸರು ರೋಮಹಾರಿ. ಹಿಂದಿನ ಕಾಲದ ಲೇಸರ್ ಯಂತ್ರಗಳು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ ಸುಡುತ್ತಿದ್ದವು. ಆ ಹೊತ್ತಿಗೆ ಬೆಳೆಯುತ್ತಿದ್ದ ಕೂದಲಷ್ಟೇ ಅವುಗಳ ಕೈಗೆ ಸಿಗುತ್ತಿತ್ತು. ನಿದ್ದೆಯಲ್ಲಿದ್ದ ಬೇರುಗಳು ತಿಂಗಳು ಕಳೆದು ಎದ್ದು ಮತ್ತೆ ಚಿಗುರುತ್ತಿದ್ದವು. ಹಾಗಾಗಿ ಜನ ಆರೆಂಟು ಸಲ ಅಲೆಯಬೇಕಿತ್ತು. ನರೆಗೂದಲಿನ ಮುಂದಂತೂ ಆ ಯಂತ್ರಗಳು ಕೈಚೆಲ್ಲಿಬಿಡುತ್ತಿದ್ದವು. ಮೈಸೂರಿನ ವಿಜ್ಞಾನಿ ಡಾ. ಅಂಬುಜಾಕ್ಷಿ ಕಂಡುಹಿಡಿದ 'ಮೂಲಗಾಮಿ ಕಿರಣ' ಬಣ್ಣ ಕೇಳುವುದಿಲ್ಲ. ಅದು ಕೂದಲಿನ ಕೊಳವೆಯಲ್ಲಿ ಇಳಿದು, ತಳ ಮುಟ್ಟಿ, ಅಲ್ಲಿ ಇರುವುದನ್ನೆಲ್ಲ ಒಂದೇ ಸಲಕ್ಕೆ ಆರಿಸಿಬಿಡುತ್ತದೆ. ಕೂದಲಿನ ಬುಡಕ್ಕೆ ಅಂಟಿಕೊಂಡಿರುವ ಗಂಧಗ್ರಂಥಿಗಳೂ ಅದರ ಜೊತೆಗೇ ಆರುವುದರಿಂದ ಬೆವರಿನ ವಾಸನೆಯೂ ಹೋಗುತ್ತದೆ. ಜನ ಇದನ್ನು ಕೊಸರು ಎಂದುಕೊಂಡು ಸಂತೋಷಪಟ್ಟರು. ಹುಡುಗರು ಹುಡುಗಿಯರು ಪ್ರಾಯಕ್ಕೆ ಬರುತ್ತಿದ್ದಂತೆ ಶಾಲೆಗಳಲ್ಲೇ ಈ ಚಿಕಿತ್ಸೆ ಕೊಡುವ ಏರ್ಪಾಡಾಯಿತು. ನೋಡನೋಡುತ್ತಾ ನಾಡಿಗೆ ನಾಡೇ ತನ್ನ ವಾಸನೆ ಕಳೆದುಕೊಂಡಿತು. ಸುಗಂಧದ ಡಬ್ಬಿ ಮಾಡುವ ಕಂಪನಿಗಳು ಬಾಗಿಲು ಹಾಕಿದವು, ಯಾರೂ ಅಳಲಿಲ್ಲ.

ಕಾಡಂಚಿನವರಿಗೆ ಎಲ್ಲವೂ ಕಡೆಗೆ ಬರುವಂತೆ ರೋಮಹಾರಿಯೂ ಕಡೆಗೇ ಬಂತು. ಬಂಡೀಪುರದ ಆಚೆ, ಹೊಳೆಯ ಪಕ್ಕದಲ್ಲಿದ್ದ ಆನೆ ಶಿಬಿರಕ್ಕೆ ಆ ದಿನ ಅದರ ವ್ಯಾನು ಬಂದು ನಿಂತಾಗ ಹಿರಿಯ ಮಾವುತ ಜವರಣ್ಣನಿಂದ ಹಿಡಿದು ಅಡುಗೆಯ ಶಿವಮ್ಮನವರೆಗೆ ಎಲ್ಲರೂ ಸಾಲುಗಟ್ಟಿದರು. ಮೊದಲ ಸರದಿಯನ್ನು ನಂಜಮಣಿಗೇ ಬಿಟ್ಟುಕೊಟ್ಟರು, ಮದುವೆ ಗೊತ್ತಾದ ಹುಡುಗಿ ಅಂತ. ಅವಳಿಗೂ ಆತುರವಿತ್ತು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಅಕ್ಕಪಕ್ಕದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ವಾಸನೆ ಎಂದರೇನೆಂದೇ ಮರೆತ ಜನಕ್ಕೆ ಒಬ್ಬಳ ಬೆವರು ಊರಿಗೆಲ್ಲ ಕೇಳುವ ಡಂಗುರವಾಗಿತ್ತು. ಹೆಣ್ಣು ನೋಡಲು ಬಂದ ದಿನ ಗಂಡಿನ ಅಕ್ಕ ಎದ್ದು ಕಿಟಕಿ ತೆರೆದಳು. ಆ ಕಿಟಕಿಯ ಸದ್ದು ನಂಜಮಣಿಯ ಎದೆಯಲ್ಲಿ ಇನ್ನೂ ಇತ್ತು.

"ಮುಗಿಯಿತು" ಎಂದಿತು ಯಂತ್ರ. "ಒಂದು ದಿನ ಬಿಸಿನೀರು, ಬಿಗಿಯಾದ ಬಟ್ಟೆ ಬೇಡ. ಬೆವರುಸಾಲೆಯ ಹಾಗೆ ಕೆಂಪಾದರೆ ಹೆದರಬೇಡಿ. ಸತ್ತ ಕೂದಲು ವಾರ ಎರಡು ವಾರದಲ್ಲಿ ತಾನಾಗಿ ಉದುರುತ್ತದೆ. ಹಳೆಯ ಬಟ್ಟೆಗಳನ್ನೆಲ್ಲ ಚೆನ್ನಾಗಿ ಒಗೆದುಕೊಳ್ಳಿ."

"ಕೆಲ್ಸಕ್ಕೆ ಯಾವಾಗ ಹೋಗ್‌ಬೌದು?" ಎಂದು ಕೇಳಿದಳು ನಂಜಮಣಿ.

"ಈಗಲೇ ಹೋಗಬಹುದು."

ಯಾವ ಕೆಲಸ ಎಂದು ಯಂತ್ರ ಕೇಳಲಿಲ್ಲ.

ಅವಳ ಕೆಲಸ ಸೋಮಿ. ತಾಯಾನೆ ರೈಲಿಗೆ ಸಿಕ್ಕಿ ಸತ್ತಾಗ ಹಳಿಯ ಪಕ್ಕದಲ್ಲಿ ನಡುಗುತ್ತಾ ನಿಂತಿದ್ದ ಮರಿ. ಸೋಮವಾರ ಸಿಕ್ಕಿದ್ದರಿಂದ ಸೋಮಿ. ಶಿಬಿರದಲ್ಲಿ ಹಾಲು ಕುಡಿಯುವ ಮರಿ ಅದೊಂದೇ. ಇಂಥ ಮರಿಯನ್ನು ಒಬ್ಬರೇ ಸಾಕಬೇಕು ಎಂಬುದು ಅಲ್ಲಿಯ ಕಟ್ಟಳೆ. ಅದಕ್ಕೊಂದು ಶಾಸ್ತ್ರವೂ ಇತ್ತು. ಮರಿ ಬಂದ ದಿನ ಸಾಕುವವರು ಮೈ ತೊಳೆಯುವಂತಿಲ್ಲ. ಬೆಲ್ಲ ಕಲಸಿದ ರಾಗಿ ಉಂಡೆಯನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಕಟ್ಟಿಕೊಂಡು, ಬಿಸಿಲಲ್ಲಿ ದುಡಿದು, ಬೆವರು ಹೀರಿದ ಆ ಉಂಡೆಯನ್ನು ಮರಿಯ ಬಾಯಿಗೆ ಇಡಬೇಕು. ಅದೇ ಗುರುತಿನ ತುತ್ತು. ಓದುವವರು ಮುಖ ಸಿಂಡರಿಸಬಹುದು. ಆದರೆ ಆನೆಗೆ ಕಣ್ಣು ಹೆಸರಿಗೆ ಮಾತ್ರ, ಅದು ಲೋಕವನ್ನು ನೋಡುವುದು ಸೊಂಡಿಲಿನಿಂದ. ಆ ತುತ್ತು ತಿಂದ ದಿನದಿಂದ ಸೋಮಿಗೆ ನಂಜಮಣಿಯೇ ತಾಯಿ. ಪ್ರತಿ ಸಲವೂ ಸೊಂಡಿಲ ತುದಿಯನ್ನು ಅವಳ ಕಂಕುಳಿಗೆ ತೂರಿಸಿ, ಒಮ್ಮೆ ಎಳೆದು ಮೂಸಿ, ಆಮೇಲೇ ಸೀಸೆಗೆ ಬಾಯಿ ಹಾಕುತ್ತಿತ್ತು. ಕಚಗುಳಿಯಾಗಿ ಅವಳು "ಕುಡಿ ಮಗ, ಕುಡಿ" ಎಂದು ನಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಹೊಸ ಜನ್ಮ ಎತ್ತಿದವಳಂತೆ ನಂಜಮಣಿ ಹಾಲಿನ ಸೀಸೆ ಹಿಡಿದು ಹೋದಳು. ಸೋಮಿ ಓಡಿ ಬಂತು. ಸೊಂಡಿಲು ಕಂಕುಳಿಗೆ ಹೋಯಿತು. ಮೂಸಿತು, ಮತ್ತೆ ಮೂಸಿತು, ಆ ಕಡೆಯ ಕಂಕುಳನ್ನೂ ಹುಡುಕಿತು. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

"ಕುಡಿ ಮಗ" ಎಂದಳು.

ದನಿ ಕೇಳಿದ್ದೇ ಮರಿ ಬೆದರಿ ಕಿರುಚಿತು. ತಾಯಿಯ ದನಿ ಇದೆ, ತಾಯಿ ಇಲ್ಲ. ಅದಕ್ಕಿಂತ ಭಯದ ಸಂಗತಿ ಮಕ್ಕಳಿಗೆ ಇನ್ನೇನಿದೆ? ಅದು ಕೊಟ್ಟಿಗೆಯ ಮೂಲೆಗೆ ಓಡಿ ಗೋಡೆಗೆ ತಲೆಯಿಟ್ಟಿತು. ಸಂಜೆಗೆ ಹೊರಗೆ ಬಂದು ಶಿಬಿರದ ಗೇಟಿನ ಹತ್ತಿರ ನಿಂತಿತು. ನಂಜಮಣಿ ಬರುತ್ತಿದ್ದದ್ದು ಆ ಗೇಟಿನಿಂದ. ಸೋಮಿ ಅವಳಿಗಾಗಿ ಕಾಯುತ್ತಿತ್ತು. ಅವಳು ಅದರ ಬೆನ್ನ ಹಿಂದೆಯೇ ಸೀಸೆ ಹಿಡಿದು ನಿಂತಿದ್ದಳು.

ದೊಡ್ಡ ಆನೆಗಳೂ ಮುನಿದವು. ಜವರಣ್ಣನನ್ನು ಕತ್ತಿನ ಮೇಲೆ ಹತ್ತಿಸಿಕೊಳ್ಳಲಿಲ್ಲ. ಆದರೆ ಸೊಪ್ಪು ತಿನ್ನಲು ಯಾರ ಗುರುತೂ ಬೇಕಿಲ್ಲವಲ್ಲ, ಅವು ಬದುಕಿದ್ದವು. ಸೋಮಿ ಮಾತ್ರ ಬತ್ತುತ್ತಾ ಹೋಯಿತು. ಪಶುವೈದ್ಯರು ನಳಿಕೆ ಇಳಿಸಿ ಹಾಲು ಬಿಟ್ಟರೆ ಕಕ್ಕಿತು. ಸಿರೆಗೆ ಗ್ಲುಕೋಸ್ ಕೊಟ್ಟು, "ಇದರಲ್ಲಿ ಹೆಚ್ಚು ದಿನ ದೂಡೋಕಾಗಲ್ಲ. ಅದಾಗಿಯೇ ಕುಡೀಬೇಕು" ಎಂದು ಕೈ ತೊಳೆದುಕೊಂಡರು.

ಬಟ್ಟೆಗಳನ್ನೆಲ್ಲ ಸಂಭ್ರಮದಲ್ಲಿ ಒಗೆದು ಹಾಕಿದ್ದಳು ಪುಣ್ಯಾತ್ಗಿತ್ತಿ. ಕೊಟ್ಟಿಗೆಯ ಮೊಳೆಯಲ್ಲಿ ಒಂದೇ ಒಂದು ಹಳೆಯ ಖಾಕಿ ಅಂಗಿ ಉಳಿದಿತ್ತು. ಅದನ್ನು ತೊಟ್ಟು ಹೋದಾಗ ಸೋಮಿ ಕಂಕುಳಿಗೆ ಸೊಂಡಿಲಿಟ್ಟು ಗಟಗಟನೆ ಕುಡಿಯಿತು. ನಂಜಮಣಿ ಸದ್ದಿಲ್ಲದೆ ಅಳುತ್ತಾ ಅದರ ಹಣೆ ಸವರಿದಳು. ಮರುದಿನ ಅರ್ಧ ಸೀಸೆ. ಅದರಾಚೆಯ ದಿನ ಮೂಸಿ ನೋಡಿ ಸುಮ್ಮನೆ ಗೇಟಿನ ಕಡೆ ನಡೆಯಿತು. ಅಂಗಿಯಿಂದ ಅವಳು ದಿನದಿನಕ್ಕೂ ಆರಿಹೋಗುತ್ತಿದ್ದಳು.

ಆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನಂಜಮಣಿ ಮೈಸೂರಿನ ಪ್ರಯೋಗಾಲಯಕ್ಕೆ ಹೋದಳು. ಡಾ. ಅಂಬುಜಾಕ್ಷಿ ಅರವತ್ತರ ಹತ್ತಿರದ ಹೆಂಗಸು, ಮಣಿಕಟ್ಟಿನವರೆಗಿನ ತೋಳಿನ ರವಿಕೆ, ಮೇಲೊಂದು ಬಿಳಿ ಕೋಟು. ಮಾತಾಡುವಾಗ ಎದುರಿಗಿದ್ದವರಿಂದ ಒಂದು ಮೇಜಿನಷ್ಟು ದೂರ ಉಳಿಯುವ ಅಭ್ಯಾಸ. ಕಥೆಯನ್ನೆಲ್ಲ ಮೇಜಿನ ಆಚೆಯಿಂದಲೇ ಕೇಳಿದರು.

"ತಿರುಗಿ ಬರೋ ಹಂಗೆ ಹೆಂಗಾರ ಮಾಡಿ ಅಮ್ಮಾ. ಕೂದ್ಲು ಬರ್ಲಿ, ನಾತ ಬರ್ಲಿ, ಮದ್ವೆ ನಿಂತೋದ್ರೂ ಚಿಂತಿಲ್ಲ" ಎಂದಳು ನಂಜಮಣಿ.

"ಹುರಿದ ಬೀಜ ಮೊಳೆಯಲ್ಲಮ್ಮ. ಗ್ರಂಥಿಯ ಬೇರಿನ ಕೋಶಗಳೇ ಉಳಿದಿಲ್ಲ. ಒಂದೇ ಸಲಕ್ಕೆ ಶಾಶ್ವತ ಅಂತ ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ."

"ಇನ್ನೊಬ್ರ ಬೆವರು ಆಯ್ತದಾ?"

"ಯಾರದು? ಮಕ್ಕಳಿಗೆ ಆ ಗ್ರಂಥಿ ಇನ್ನೂ ಎದ್ದಿರಲ್ಲ. ತೀರಾ ವಯಸ್ಸಾದವರಿಗೆ ಬತ್ತಿರುತ್ತೆ. ನಡುವಿನವರೆಲ್ಲ ನನ್ನ ಯಂತ್ರದ ಕೆಳಗೆ ಮಲಗಿ ಎದ್ದವರೇ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಅಂಗಿ ಕೊಡು. ಒಂದು ದಾರಿ ನೋಡ್ತೀನಿ."

ಗಂಧಶೋಧಕ ಎಂಬ ಯಂತ್ರ ಅಂಗಿಯ ಕಂಕುಳ ಬಟ್ಟೆಯಿಂದ ನೂರಾರು ದ್ರವ್ಯಗಳನ್ನು ಹೆಕ್ಕಿ ತೆಗೆಯಿತು. ಅವನ್ನೇ ಅದೇ ಪ್ರಮಾಣದಲ್ಲಿ ಬೆರೆಸಿ ಡಾಕ್ಟರು ಒಂದು ಸಣ್ಣ ಬುಡ್ಡಿಯಲ್ಲಿ ತುಂಬಿದರು. ಬೇರೆಯವರ ಕೈಯಲ್ಲಿ ಕಳಿಸಲು ಮನಸ್ಸು ಬರದೆ ತಾವೇ ಶಿಬಿರಕ್ಕೆ ಬಂದರು. ಆ ಹೊತ್ತಿಗೆ ಸೋಮಿ ನಿಲ್ಲಲಾರದೆ ಮಲಗಿತ್ತು. ಪಕ್ಕೆಲುಬುಗಳು ಬಿದಿರುಬುಟ್ಟಿಯ ದಬ್ಬೆಗಳಂತೆ ಎದ್ದು ಕಾಣುತ್ತಿದ್ದವು.

ನಂಜಮಣಿ ಬುಡ್ಡಿಯ ದ್ರವವನ್ನು ಕಂಕುಳಿಗೆ ಸವರಿಕೊಂಡು ಪಕ್ಕದಲ್ಲಿ ಕೂತಳು. ಸೊಂಡಿಲು ಮೆಲ್ಲಗೆ ಎದ್ದಿತು. ಕಂಕುಳಿಗೆ ಬಂತು. ಅವಳು ಸೀಸೆ ಚಾಚಿ, ಅಳು ನುಂಗಿಕೊಂಡು, "ಕುಡಿ ಮಗ" ಎಂದಳು. ಸೊಂಡಿಲು ತಟ್ಟನೆ ಹಿಂದಕ್ಕೆ ಸರಿದು ನೆಲಕ್ಕೆ ಬಿತ್ತು.

"ಯಾಕಮ್ಮಾ? ನಂದೇ ಅಲ್ವಾ ಅದು?"

ಡಾಕ್ಟರು ಯೋಚಿಸಿ ಯೋಚಿಸಿ ಹೇಳಿದರು. "ನಿಂದೇ. ಆದರೆ ಚಿಕಿತ್ಸೆಗೆ ಮುಂಚೆ ಆ ಅಂಗಿ ತೊಟ್ಟ ದಿನದ್ದು. ಅವತ್ತು ನೀನು ಖುಷಿಯಾಗಿದ್ದೆ. ಹೆದರಿದವರ ಬೆವರಿನಲ್ಲಿ ಹೆದರಿಕೆ ಇರುತ್ತೆ, ನೊಂದವರದ್ದರಲ್ಲಿ ನೋವು. ಈಗ ನಿನ್ನ ದನಿ ಅಳ್ತಾ ಇದೆ, ವಾಸನೆ ನಗ್ತಾ ಇದೆ. ಅದಕ್ಕೆ ಇದು ಸುಳ್ಳು ಅಂತ ಗೊತ್ತಾಯ್ತು. ಜೀವಂತ ಬೆವರನ್ನು ನಾನು ಬುಡ್ಡಿಯಲ್ಲಿ ಮಾಡಲಾರೆ, ನಂಜಮಣಿ."

ಕೊಟ್ಟಿಗೆಯ ತಗಡಿನ ಮಾಡು ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಡಾಕ್ಟರು ಕೋಟು ತೆಗೆದು ಹುಲ್ಲಿನ ಮೇಲೆ ಹಾಕಿ, ಮರಿಯ ಪಕ್ಕದ ನೆಲದಲ್ಲೇ ಕುಸಿದು ಕೂತರು. ಉದ್ದತೋಳಿನ ರವಿಕೆ ಕಂಕುಳ ಹತ್ತಿರ ಒದ್ದೆಯಾಗಿತ್ತು. ಕೈಲಾಗದವರ ಬೆವರು, ದುಃಖದ ಬೆವರು. ಸೋಮಿಯ ಸೊಂಡಿಲ ತುದಿ ನೆಲದ ಮೇಲೆಯೇ ಅಲುಗಾಡಿತು. ಗಾಳಿಯಲ್ಲಿ ಏನನ್ನೋ ತಡಕಿತು. ನಂಜಮಣಿಯನ್ನು ದಾಟಿ, ಸೀಸೆಯನ್ನು ದಾಟಿ, ಡಾಕ್ಟರ ತೋಳಿನಡಿಗೆ ನುಸುಳಿ ಅಲ್ಲೇ ಉಳಿಯಿತು.

ನಂಜಮಣಿ ಡಾಕ್ಟರನ್ನೇ ದಿಟ್ಟಿಸಿದಳು.

"ಅಮ್ಮಾ, ನೀವು ಮಾಡಿಸ್ಕೊಂಡೇ ಇಲ್ವಾ?"

"ಇಲ್ಲ."

"ನಿಮ್ ಯಂತ್ರಾನೇ ಅಲ್ವಾ ಅದು?"

ಡಾಕ್ಟರು ತಲೆ ತಗ್ಗಿಸಿದರು. "ಮಾಡಿಸ್ಕೊಳ್ಳೋಣ ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದೆ, ಅವತ್ತು ನಿನಗೆ ಹೇಳೋಕೂ ನಾಚಿಕೆಯಾಯ್ತು. ನನ್ನ ವಾಸನೆ ತಿಳಿಯೋಷ್ಟು ಹತ್ತಿರಕ್ಕೆ ಯಾರೂ ಬರ್ತಿರಲಿಲ್ಲ. ಅವಸರವೇನಿತ್ತು?" ಆಮೇಲೆ ಸೊಂಡಿಲಿನ ಕಡೆ ನೋಡಿ ಮೆಲ್ಲಗೆ ಹೇಳಿದರು, "ಇದೇ ಮೊದಲು."

ನಂಜಮಣಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಮರಿ ಬದುಕುತ್ತದೆ ಎಂಬುದೂ, ಇನ್ನು ಅದು ತನ್ನದಲ್ಲ ಎಂಬುದೂ. ಒಬ್ಬರ ತುತ್ತು ತಿಂದ ಮರಿ ಆ ವಾಸನೆ ಇರುವತನಕ ಇನ್ನೊಬ್ಬರ ಕಡೆ ತಿರುಗುವುದಿಲ್ಲ; ಅವಳದ್ದು ಆಗಲೇ ಆರಿಹೋಗಿತ್ತು. ಬಾಯಿ ತೆರೆಯದೆ ಇದ್ದುಬಿಡಬಹುದಿತ್ತು, ಡಾಕ್ಟರಿಗೆ ಶಾಸ್ತ್ರವೇನು ಗೊತ್ತು? ಆದರೆ ಸೋಮಿಯ ಪಕ್ಕೆಗಳು ಕಣ್ಣೆದುರಿಗೇ ಏರಿಳಿಯುತ್ತಿದ್ದವು.

"ಅಮ್ಮಾ, ಒಂದ್ಸಲ ಗುರ್ತು ಕೊಟ್ರೆ ಹಾಲು ಬಿಡೋಗಂಟ ನೀವಿಲ್ಲೇ ಇರ್ಬೇಕಾಯ್ತದೆ. ವರ್ಸಗಳೇ ಆಯ್ತವೆ. ಆಯ್ತದಾ?"

ಡಾ. ಅಂಬುಜಾಕ್ಷಿ ಸೊಂಡಿಲನ್ನು ಕದಲಿಸದೆ, ತೋಳನ್ನೂ ಕದಲಿಸದೆ, "ಏನು ಮಾಡಬೇಕು ಹೇಳು" ಎಂದರು.

ನಂಜಮಣಿ ಬುಡ್ಡಿಯ ದ್ರವವನ್ನು ಮೈಯಿಂದ ತೊಳೆದುಕೊಂಡು, ಅಡುಗೆಮನೆಗೆ ಹೋಗಿ ತಾನೇ ರಾಗಿ ಉಂಡೆಗೆ ಬೆಲ್ಲ ಕಲಸಿದಳು. ತಾನೇ ಬಟ್ಟೆಯಲ್ಲಿ ಸುತ್ತಿ ಡಾಕ್ಟರ ಕಂಕುಳಿಗೆ ಕಟ್ಟಿದಳು. ನಾಡಿನ ಬೆವರಿನ ವಾಸನೆ ಆರಿಸಿದ ವಿಜ್ಞಾನಿ ಅವತ್ತು ಹೊಳೆಯಿಂದ ನೀರು ಹೊತ್ತರು, ಲದ್ದಿ ಬಾಚಿದರು, ಏದುಸಿರು ಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಉಂಡೆ ಸೋಮಿಯ ಬಾಯಿಗೆ ಹೋಯಿತು. ಅದು ಮೆಲ್ಲಗೆ ಜಗಿದು ನುಂಗಿತು.

ಆದರೆ ಡಾಕ್ಟರಿಗೆ ಸೀಸೆ ಹಿಡಿಯಲು ಬರಲಿಲ್ಲ. ಓರೆ ಮಾಡಿದರೆ ಹಾಲು ಮೂಗಿಗೆ ಹೋಗುತ್ತದೆ, ನೆಟ್ಟಗೆ ಹಿಡಿದರೆ ಗಾಳಿ ಹೋಗುತ್ತದೆ. ನಂಜಮಣಿ ಸೀಸೆ ತೆಗೆದುಕೊಂಡಳು. ಅವಳು ಅಷ್ಟು ಹತ್ತಿರ ಬಂದರೂ ಮರಿ ಬೆದರಲಿಲ್ಲ; ವಾಸನೆಯಿಲ್ಲದವಳು ಅದರ ಪಾಲಿಗೆ ಅಲ್ಲಿ ಇರಲೇ ಇಲ್ಲ. ಸೊಂಡಿಲು ಡಾಕ್ಟರ ಕಂಕುಳಲ್ಲಿ, ಸೀಸೆ ನಂಜಮಣಿಯ ಕೈಯಲ್ಲಿ. ಹಾಲು ಗುಟುಕು ಗುಟುಕಾಗಿ ಇಳಿಯತೊಡಗಿತು. ಆ ಸದ್ದು ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು.

"ಕುಡಿ ಮಗ, ಕುಡಿ."

ಸೋಮಿ ಕುಡಿಯುವುದನ್ನು ನಿಲ್ಲಿಸಿತು. ಕಿವಿ ನಿಗುರಿಸಿತು. ದನಿ ಬಂದ ಕಡೆ ನೋಡಲಿಲ್ಲ, ತಲೆಯೆತ್ತಿ ದೂರದ ಗೇಟಿನ ಕಡೆ ನೋಡಿತು. ಬಹಳ ಹೊತ್ತು ನೋಡಿತು. ನಂಜಮಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮರಿ ಮತ್ತೆ ಸೀಸೆಗೆ ಬಾಯಿ ಹಾಕಿತು.

ಮದುವೆಯಾದ ಮೇಲೂ ನಂಜಮಣಿ ಆ ಕೆಲಸ ಬಿಡಲಿಲ್ಲ. ಈಗಲೂ ದಿನವೂ ಅವಳೇ ಸೀಸೆ ಹಿಡಿಯುತ್ತಾಳೆ. ಹಾಲು ಕುಡಿಸುವಾಗ ಮಾತ್ರ ಮಾತಾಡುವುದಿಲ್ಲ.