ಅರ್ಶಿಯಾ ಹೇಳದ ಮಾತು

ತೌಸಿಫ ಮೊದಲ ಸಲ ಚಿಕ್ಕೋಡಿಯ ಆ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋಗೆ ಬಂದದ್ದು ಜಗಳ ಮಾಡಲಿಕ್ಕೆ.

"ಯಾರ್ರೀ ಅನೌನ್ಸ್ ಮಾಡಿದವ್ರು? ನಮ್ಮ ಡೇರಿ ಪನೀರ್ ಅನ್ರಿ ಅಂದ್ರ ಪನ್ನೀರ ಅಂದಾರ. ನಮ್ಮ ಸದಲಗಾದ ಮಂದಿ ಮದುವಿಗೆ ಚಿಮುಕಿಸಾಕ ಪನ್ನೀರ ಕೇಳಾಕತ್ತಾರ!"

ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅರ್ಶಿಯಾ ನಾಲಿಗೆ ಕಚ್ಚಿಕೊಂಡಳು.

"ನಾನರಿ. ಮತ್ತೊಮ್ಮೆ ಮಾಡಿ ಕೊಡ್ತೀನಿ, ಪುಕಟ."

ಅವನ ಸಿಟ್ಟು ಅಲ್ಲೇ ಕರಗಿತು. ರಿಕ್ಷಾದ ಮೈಕಿನಲ್ಲಿ ದಿನವೂ ಕೇಳುವ ದನಿಗೆ ಇಂಥ ಕಣ್ಣುಗಳಿರಬಹುದೆಂದು ಅವನು ಎಣಿಸಿರಲಿಲ್ಲ.

"ಪುಕಟ ಬ್ಯಾಡ. ಒಂದ್ ಕಪ್ ಚಾ ಕುಡಸ್ರಿ, ಸಾಕು."

ಸೀರೆ ಸೇಲಿನಿಂದ ಪೋಲಿಯೊ ಹನಿಯವರೆಗೆ ಊರಿಗೆಲ್ಲ ಕನ್ನಡ, ಮರಾಠಿ ಎರಡರಲ್ಲೂ ಅರ್ಶಿಯಾಳದೇ ದನಿ. ಆಮೇಲಾಮೇಲೆ ತೌಸಿಫನ ಡೇರಿಗೆ ವಾರಕ್ಕೊಂದು ಜಾಹೀರಾತು ಬೇಕಾಗತೊಡಗಿತು. ಇಬ್ಬರ ಮನೆಯಲ್ಲೂ ಉರ್ದು. ಆದರೂ ಜಗಳದಿಂದ ಶುರುವಾದ ಕನ್ನಡವನ್ನು ಅವರು ಬಿಡಲಿಲ್ಲ.

ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಬಸ್ಸು ಹತ್ತದೆ ನಿಂತ.

"ನೀ ಹೂಂ ಅಂದ್ರ, ನಮ್ಮನಿಯವ್ರು ನಿಮ್ಮ ಅಮ್ಮಿಗೆ ಕೇಳಾಕ ಬರ್ತಾರ."

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ರಾತ್ರಿ ಕಾಯಿಸಿದರೆ ಇವನ ಮುಖ ಹೇಗಾಗಬಹುದೆಂಬ ತುಂಟತನ ಅದನ್ನು ತಡೆಯಿತು. ದುಪಟ್ಟಾದ ತುದಿಯನ್ನು ಬಾಯಿಗೊತ್ತಿ ನಕ್ಕಳು.

"ನಾಳೆ ಹೇಳ್ತೀನ್ರಿ."

ಮರುದಿನ ಅವನ ಫೋನ್ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಕೆಲವು ವಾರಗಳ ನಂತರ ಸುದ್ದಿ ಬಂತು: ತೌಸಿಫನ ನಿಕಾಹ್ ಆಯಿತು, ಅವನ ಅಕ್ಕನ ಗಂಡನ ತಂಗಿಯ ಜೊತೆ. ಮನೆಯವರು ಒಪ್ಪಿರಲಿಕ್ಕಿಲ್ಲ ಎಂದುಕೊಂಡಳು ಅರ್ಶಿಯಾ. ಆ ವಾರ ಮದುವೆ ಬಟ್ಟೆಯ ಸೇಲಿಗೆ ನಗುನಗುತ್ತಲೇ ದನಿ ಕೊಟ್ಟಳು. ಬಂದ ಸಂಬಂಧಗಳನ್ನು ಒಂದೊಂದಾಗಿ ಹಿಂದೆ ಕಳಿಸಿದಳು.

ಈ ವರ್ಷ ಸರ್ಕಾರಕ್ಕೆ ಎಐ ಬಗ್ಗೆ ದಿಗಿಲು ಹತ್ತಿತ್ತು. ದಿಲ್ಲಿಯಲ್ಲಿ ಸಭೆ, ಬೆಂಗಳೂರಿನಲ್ಲಿ ಸಭೆ. ಕಡೆಗೆ ಆ ಚಿಂತೆ ರಿಕ್ಷಾ ಹತ್ತಿ ಹಳ್ಳಿಗಳಿಗೂ ಹೊರಟಿತು. ತಾಲೂಕು ಆಫೀಸಿನವರು ಕೊಟ್ಟದ್ದನ್ನು ಅರ್ಶಿಯಾ ಓದಿದಳು:

"ಎಐ ಯಾರ ದನಿಯನ್ನಾದರೂ ನಕಲು ಮಾಡಬಲ್ಲದು. ವಾಯ್ಸ್ ಮೆಸೇಜ್ ನಂಬುವ ಮೊದಲು ಆ ವ್ಯಕ್ತಿಗೆ ನೀವೇ ಫೋನ್ ಮಾಡಿ ಕೇಳಿ."

ರಿಕ್ಷಾ ಸದಲಗಾ ಸುತ್ತಿ ಬಂದ ಮರುದಿನ ಮಧ್ಯಾಹ್ನ ತೌಸಿಫ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದ. ಬಡವಾಗಿದ್ದ. ಫೋನ್ ಮುಂದೆ ಹಿಡಿದು ಒಂದು ಹಳೆಯ ವಾಯ್ಸ್ ಮೆಸೇಜ್ ಕೇಳಿಸಿದ.

"ತೌಸಿಫ, ನನಗ ಕೊಲ್ಹಾಪುರದ ಸಂಬಂಧ ಬಂದೈತಿ. ಹಾಲು ಮಾರೋ ಮನಿಗೆ ನಾ ಬರಂಗಿಲ್ಲ. ಇನ್ನ ಫೋನ್ ಹಚ್ಚಬ್ಯಾಡ್ರಿ."

ಅವಳದೇ ದನಿ. ಅವಳದೇ ಉಸಿರು. ಅರ್ಶಿಯಾ ಗೋಡೆ ಹಿಡಿದು ಕೂತಳು.

"ನಾನಲ್ರಿ ಇದು..."

"ಗೊತ್ತಾತು. ನಿನ್ನೆ ರಿಕ್ಷಾದಾಗ ನಿನ್ನ ಮಾತು ಕೇಳಿ ಸಂಶೇ ಬಂತು, ಭಾವನ್ನ ಹಿಡದು ಕೇಳಿದೆ. ಒಪ್ಪಿಕೊಂಡ. ತಂಗಿನ್ನ ನನಗ ಕೊಡಬೇಕಂತ ನಿನ್ನ ಜಾಹೀರಾತಿನ ದನಿ ಹಾಕಿ ಯಾವುದೋ ಆ್ಯಪ್‌ನ್ಯಾಗ ಮಾಡಿದ್ನಂತ. ಬೇರೆ ನಂಬರಿಂದ ಬಂದಿತ್ತು. ನಾ ಅದನ್ನೂ ನೋಡಲಿಲ್ಲ. ಎಲ್ಲಾ ಬ್ಲಾಕ್ ಮಾಡಿಬಿಟ್ಟೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ನಾ ಎಂದಾರ ನಿಮ್ಮ ಹೆಸರು ಹಿಡದು ಕರದೀನೇನ್ರಿ?"

ತೌಸಿಫನ ತಲೆ ತಗ್ಗಿತು.

"ದನಿ ನಂದ ಇತ್ತು, ಖರೇ. ಮಾತು ನಂದಲ್ಲಂತ ಊರ ಮಂದಿಗೆ ಗೊತ್ತಾಗಂಗಿಲ್ಲ. ನಿಮಗ ಗೊತ್ತಾಗಬೇಕಿತ್ತು."

"ನಡಿ, ಪೊಲೀಸರಿಗೆ ಕಂಪ್ಲೇಂಟ್ ಕೊಡೋಣ," ಎಂದ ಅವನು.

"ನಿಮ್ಮ ಹೆಂಡ್ತಿಗೆ ಗೊತ್ತೈತೇನು?"

"ಇಲ್ಲ. ಆಕಿಗೇನೂ ಗೊತ್ತಿಲ್ಲ. ತುಂಬಿದ ಬಸುರಿ."

ಅರ್ಶಿಯಾ ಕಣ್ಣು ಮುಚ್ಚಿದಳು. ಇಷ್ಟು ದಿನ ಮನಸ್ಸಿನಲ್ಲೇ ಶಪಿಸುತ್ತಿದ್ದ ಆ ಹೆಣ್ಣಿನ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ಹಂಗಾರ ಈಗ ಬ್ಯಾಡ. ಹೆರಿಗಿ ಸುಸೂತ್ರ ಆಗ್ಲಿ. ಆಮ್ಯಾಲ ಕಂಪ್ಲೇಂಟ್ ನಾನ ಕೊಡ್ತೀನಿ. ಕದ್ದದ್ದು ನನ್ನ ದನಿ."

ಅವನು ತಲೆಯಾಡಿಸಿದ. ಬಾಗಿಲವರೆಗೆ ಹೋಗಿ ತಿರುಗಿದ.

"ಅವತ್ತು ನೀ ಏನ್ ಹೇಳಾಕಿದ್ದಿ?"

"ಹೂಂ ಅನ್ನಾಕಿದ್ದೆ," ಅಂದಳು. ಅಷ್ಟು ಮೆಲ್ಲನೆ ಅವಳು ಎಂದೂ ಮಾತಾಡಿರಲಿಲ್ಲ. "ಇನ್ನ ಹೋಗ್ರಿ. ಆಕಿ ದಾರಿ ಕಾಯ್ತಿರ್ತಾಳ."

ಅವನು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದ. ಅವಳು ಕಿಟಕಿಗೆ ಹೋಗಲಿಲ್ಲ. ರೆಕಾರ್ಡಿಂಗ್ ಕೋಣೆಯೊಳಗೆ ಹೋಗಿ ಮೈಕಿನ ಸ್ವಿಚ್ ಆರಿಸಿ, ದಪ್ಪ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಅಲ್ಲಿ ಎಷ್ಟು ಗಟ್ಟಿಯಾಗಿ ಅತ್ತರೂ ಹೊರಗೆ ಯಾರಿಗೂ ಕೇಳುತ್ತಿರಲಿಲ್ಲ.