ಉರೈಯ ಐದು ಮೆರುಗುಬಿಲ್ಲೆಗಳು

ಬುಧವಾರ ಬೆಳಗ್ಗೆ ಒಂಬತ್ತೂಕಾಲಿಗೆ ಪಿಂಗಾಣಿ ಕಾರ್ಖಾನೆಯಿಂದ ಫೋನ್ ಬಂತು. ಮಾತಾಡಿದ್ದು ಅಲ್ಲಿ ಹೊಸಬರನ್ನು ಆರಿಸುವ ಸುಮೊಂಥಾ ಮೇಡಂ. ನೀವು ಕಳಿಸಿದ ಎರಡು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಬಿಲ್ಲೆಗಳೇ ಇಲ್ಲ, ಪೇಪರಿನಲ್ಲಿ ಸುತ್ತಿದ ಹಳೇ ಹೆಂಚಿನ ಚೂರುಗಳಿವೆ, ಇದೇನು ತಮಾಷೆಯೇ ಎಂದು ಕೇಳಿದರು.

ಯಾರ ಹೆಸರಿನ ಪೆಟ್ಟಿಗೆ ಎಂದೆ.

ಉರೈ ಎಂದರು.

ಲಂಪಾಂಗಿನ ನಮ್ಮ ಕಾಲೇಜಿನಲ್ಲಿ ಮಕ್ಕಳಿಗೆ ತರಬೇತಿ, ಕೆಲಸ ಹುಡುಕಿಕೊಡುವ ಕೊಠಡಿ ನಮ್ಮದು. ಮುಖ್ಯಸ್ಥೆ ಒರಥೈ. ಮಕ್ಕಳಿಗೆಲ್ಲ ಅವರು ಆಚಾನ್, ಗುರುಗಳು. ಹದಿನಾರು ವರ್ಷದಿಂದ ಅವರ ಕೈಕೆಳಗೆ ಕಡತ ಹೊರುತ್ತಿರುವ ನಾನು ಬರೀ ಬುಸಬಾ ಅಕ್ಕ.

ಆ ಕಾರ್ಖಾನೆ ವರ್ಷಕ್ಕೊಮ್ಮೆ ನಮ್ಮಲ್ಲಿಂದ ಒಬ್ಬರನ್ನು ಆರು ತಿಂಗಳ ತರಬೇತಿಗೆ ತೆಗೆದುಕೊಳ್ಳುತ್ತದೆ. ಸಂಬಳವಿದೆ. ಕೈ ಚೆನ್ನಾಗಿದ್ದರೆ ಆಮೇಲೆ ಕೆಲಸವೂ ಅಲ್ಲೇ. ಈ ಸಲ ಅರ್ಜಿ ಹಾಕಿದವರು ಇಬ್ಬರೇ, ಉರೈ ಮತ್ತು ಕೇಸಿನಿ. ಹಾಸ್ಟೆಲಿನ ಒಂದೇ ಕೋಣೆಯ ಗೆಳತಿಯರು. ತಾವೇ ಮೆರುಗು ಬಳಿದು ಸುಟ್ಟ ಐದೈದು ಬಿಲ್ಲೆಗಳನ್ನು ಮಾದರಿಗೆಂದು ಕಳಿಸಬೇಕಿತ್ತು. ತೀರ್ಮಾನ ಅಂದೇ ಸಂಜೆ ನಾಲ್ಕಕ್ಕೆ. ಈ ಜಾಗ ಸಿಗದಿದ್ದರೆ ಓದು ಸಾಕು, ಚಿಕ್ಕಮ್ಮನ ಜೊತೆ ಬ್ಯಾಂಕಾಕಿಗೆ ಮನೆಗೆಲಸಕ್ಕೆ ಹೊರಡು ಎಂದು ಉರೈಯ ತಾಯಿ ಹೇಳಿಬಿಟ್ಟಿದ್ದಳು.

ಆಚಾನ್ ಫೋನ್ ಕಿತ್ತುಕೊಂಡರು. ನಾಲ್ಕರೊಳಗೆ ನಿಜವಾದ ಬಿಲ್ಲೆ ತಂದುಕೊಟ್ಟರೆ ನೋಡುತ್ತೀರಾ ಎಂದು ಕೇಳಿ, ಒಪ್ಪಿಸಿ, ಫೋನ್ ಇಟ್ಟರು. ಹುಳಿ ಮಾವಿನಕಾಯಿಯ ತಟ್ಟೆ ಮುಂದೆಳೆದುಕೊಂಡರು. ತಲೆ ಓಡಬೇಕಾದಾಗ ಅವರಿಗೆ ಅದು ಬೇಕು.

"ಸೋಮವಾರ ಪೆಟ್ಟಿಗೆ ತಗೊಂಡಾಗ ಬಿಚ್ಚಿ ನೋಡಿದ್ಯಾ?"

"ನೋಡಿದ್ದೆ ಆಚಾನ್. ಐದೂ ಇತ್ತು. ಪಾಚಿ ಹಸಿರು, ಅಂಚಲ್ಲಿ ಕಂದು. ನೋಡ್ತಾ ಇರೋಣ ಅನ್ನಿಸ್ತಿತ್ತು."

"ಆಮೇಲೆ?"

"ದಾರ ಕಟ್ಟಿ ಬೀರುವಿನಲ್ಲಿಟ್ಟೆ. ಬೀಗದ ಕೈ ಮೊಳೆಗೆ ಹಾಕಿದೆ."

"ಯಾರ ಕೈಗಾದ್ರೂ ಸಿಗೋ ಮೊಳೆಗೆ?"

"ಹೂಂ."

"ನಿನ್ನೆ ನಾನು ಚಿಯಾಂಗ್ ಮಾಯಿಗೆ ಹೋಗಿದ್ದೆನಲ್ಲ. ಇಲ್ಲಿ ಏನೇನು ನಡೀತು?"

ಏನೂ ಇಲ್ಲವೆಂದೆ. ಹನ್ನೆರಡಕ್ಕೆ ಕಾರ್ಖಾನೆಯ ವ್ಯಾನ್ ಬಂದು ಪೆಟ್ಟಿಗೆ ಒಯ್ದಿತು. ಎರಡಕ್ಕೆ ಗೇಟಿನ ಬಳಿಯ ಕಾವಲುದೇವರಿಗೆ ಒಪ್ಪಿಸಿದ್ದ ಹರಕೆಯ ಬೇಯಿಸಿದ ಮೊಟ್ಟೆ ಹಂಚಿದರು, ನಾನೂ ಮೂರು ತಿಂದೆ. ಮೂರಕ್ಕೆ ಹೊಸ ಕುರ್ಚಿ ಬಂತು. ಇಷ್ಟೇ.

ನನಗೆ ಕಳ್ಳ ಯಾರೆಂದು ಆಗಲೇ ಗೊತ್ತಾಗಿತ್ತು. ಜವಾನ ಖಮ್‌ನೋಯ್ ಮಾಮ. ಕೆಲಸದ ಹೊತ್ತಿನಲ್ಲಿ ಕುಡಿದಿದ್ದನೆಂದು ಹೋದ ತಿಂಗಳು ಉರೈ ಅವನ ಮೇಲೆ ದೂರು ಕೊಟ್ಟಿದ್ದಳು. ಸೋಮವಾರ ಸಂಜೆ ಬಾಗಿಲು ಹಾಕಿದವನೂ ಅವನೇ. ಹೆಂಚಿನ ಚೂರು ಬಿದ್ದಿರುವುದು ಅವನು ಗುಡಿಸುವ ಹಿತ್ತಲಲ್ಲಿ. ಆಚಾನ್ ಇನ್ನೂ ಮಾವಿನಕಾಯಿಯನ್ನು ಉಪ್ಪುಖಾರದಲ್ಲಿ ಅದ್ದುತ್ತಿರುವಾಗಲೇ ಅವನನ್ನು ಕರೆಸಿ, ಬಾಯಿಗೆ ಬಂದದ್ದೆಲ್ಲ ಅಂದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆ ದಿನ ನನ್ನ ಕಣ್ಣು ಅಂಥದೇ.

ಮಾಮ ಜಗಳಕ್ಕೆ ನಿಲ್ಲಲಿಲ್ಲ. ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ.

"ನಿಮಗೆ ಹಾಗನ್ನಿಸಿದ್ರೆ ಹಾಗೇ ಇರಲಿ ತಂಗಿ. ಆ ಹುಡುಗಿ ದೂರು ಕೊಟ್ಟಿದ್ದು ಸರಿಯಾಗೇ ಇತ್ತು. ನಾನು ಅವತ್ತು ಕುಡಿದಿದ್ದೆ."

ಆಚಾನ್ ನನ್ನನ್ನು ದುರುಗುಟ್ಟಿ ನೋಡಿದರು. ಹುಡುಗಿಯರನ್ನು ಕರೆಯಲು ಹೇಳಿದರು.

ಇಬ್ಬರೂ ಕೈ ಕೈ ಹಿಡಿದುಕೊಂಡೇ ಬಂದರು. ಉರೈ ಅಳುತ್ತಿರಲಿಲ್ಲ, ಬೆವರುತ್ತಿದ್ದಳು. ಅತ್ತವಳು ಕೇಸಿನಿ. ಸೋಮವಾರ ಸಂಜೆ ಎಲ್ಲಿದ್ದಿರಿ ಎಂದರೆ, ಕಡೆಯ ಬಸ್ಸಿಗೆ ಅಮ್ಮನ ಹತ್ತಿರ ಹೋಗಿದ್ದೆ ಎಂದಳು ಉರೈ. ಬಿಲ್ಲೆ ಸುಡುವ ಗೂಡಿನ ಹತ್ತಿರ ಮಣ್ಣು ಸೋಸುತ್ತಿದ್ದೆ ಎಂದಳು ಕೇಸಿನಿ. ನೋಡಿದವರಿದ್ದಾರಾ? ಇಲ್ಲ. ಯಾರ ಮೇಲಾದರೂ ಅನುಮಾನವೇ? ಅದೂ ಇಲ್ಲ. ಮಾವಿನಕಾಯಿ ಮುಗಿಯಿತು. ಗಂಟೆ ಹನ್ನೊಂದಾಯಿತು. ಇನ್ನು ದೇವರೇ ಗತಿ ಎಂದು ನಾನು ಗೊಣಗಿದೆ.

ಆಚಾನ್ ತಟ್ಟನೆ ನನ್ನ ಕಡೆ ತಿರುಗಿದರು.

"ನಿನ್ನೆ ಹರಕೆ ಮೊಟ್ಟೆ ಯಾರು ಹಂಚಿದ್ದು?"

"ಕೇಸಿನಿ. ಇಡೀ ನೂರು ಮೊಟ್ಟೆ."

ಆಚಾನ್ ಉರೈಯನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿದರು.

"ಯಾವ ಹರಕೆ ಮಗಾ?"

"ಈ ಜಾಗ ನನಗೇ ಸಿಗ್ಲಿ ಅಂತ ಹೊತ್ತಿದ್ದೆ ಆಚಾನ್."

"ಸಿಕ್ತಾ?"

ಕೇಸಿನಿ ಗೋಡೆಯ ಗಡಿಯಾರದ ಕಡೆ ನೋಡಿದಳು.

"ತೀರ್ಮಾನ ಇವತ್ತು ನಾಲ್ಕಕ್ಕೆ. ನೀನು ತೀರಿಸಿದ್ದು ನಿನ್ನೆ ಎರಡಕ್ಕೆ. ಕೇಳಿದ್ದು ಕೈಗೆ ಬರೋ ಮೊದಲು ನಮ್ಮೂರಲ್ಲಿ ಯಾರಾದ್ರೂ ಹರಕೆ ತೀರಿಸ್ತಾರಾ? ನೂರು ಮೊಟ್ಟೆ ಬೇಯಿಸೋಷ್ಟು ನಂಬಿಕೆ ನಿನಗೆ ಎಲ್ಲಿಂದ ಬಂತು? ನಿನ್ನೆ ಎರಡಕ್ಕೆ ಮೊದಲು ಇಲ್ಲಿ ನಡೆದಿದ್ದು ಒಂದೇ — ಹನ್ನೆರಡಕ್ಕೆ ವ್ಯಾನ್ ಹೋಯ್ತು. ಇರೋದು ಇಬ್ಬರು. ಒಬ್ಬಳ ಪೆಟ್ಟಿಗೇಲಿ ಹೆಂಚು ಇದೆ ಅಂತ ಗೊತ್ತಿದ್ದೋರಿಗೆ ಮಾತ್ರ ವ್ಯಾನ್ ಹೋದ ಕೂಡಲೇ ಹರಕೆ ಫಲಿಸಿದ ಹಾಗೆ."

ನಾನು ಮೂರು ಮೊಟ್ಟೆ, ಅದೂ ಮೀನಿನ ಸಾಸು ಹಾಕಿಕೊಂಡು, ಚಪ್ಪರಿಸಿ ತಿಂದಿದ್ದೆ. ಯಾವ ಹರಕೆ ಎಂದು ಒಂದು ಮಾತು ಕೇಳಬಾರದಿತ್ತೇ?

"ಒಂದು ದಿನ ತಡೆಯೋಕೆ ಏನಾಗಿತ್ತು?" ಆಚಾನರ ಸ್ವರ ಮೆತ್ತಗಾಗಿತ್ತು.

"ತಡ ಮಾಡಿದ್ರೆ ದೇವರು ಕೊಟ್ಟಿದ್ದನ್ನ ವಾಪಸ್ ತಗೊಳ್ತಾನೆ ಅಂತ ಅಜ್ಜಿ ಹೇಳ್ತಿದ್ರು," ಎಂದಳು ಕೇಸಿನಿ. "ಇಂಥ ಕೆಲಸ ಬೇರೆ ಮಾಡಿದ್ದೆ. ಹೆದರಿಕೆ ಆಯ್ತು."

ಸೋಮವಾರ ಸಂಜೆ ನಾನು ಶಾವಿಗೆ ಸೂಪು ತರಲು ಹೋದ ಹತ್ತು ನಿಮಿಷದಲ್ಲಿ ಎಲ್ಲ ನಡೆದಿತ್ತು. ಅವಳ ಮೆರುಗೂ ಚೆನ್ನಾಗಿಯೇ ಇತ್ತು. ಆದರೆ ಉರೈಯ ಹಸಿರನ್ನು ನೋಡಿದ ಮೇಲೆ ತನ್ನದು ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿದ್ದಳು. ಕೇಸಿನಿಗೂ ಮನೆಯಲ್ಲಿ ದುಡಿಯುವವರಿಲ್ಲ, ಇಬ್ಬರು ತಮ್ಮಂದಿರಿದ್ದಾರೆ.

"ಬಿಲ್ಲೆ ಒಡೆದು ಹಾಕಿದ್ಯಾ?"

"ಒಡೆಯೋಕೆ ಕೈ ಬರ್ಲಿಲ್ಲ ಆಚಾನ್. ಅಷ್ಟು ಚೆನ್ನಾಗಿ ಬೆಂದಿತ್ತು. ನನ್ನ ಮಂಚದ ಕೆಳಗಿದೆ, ರೇಷ್ಮೆ ಲುಂಗಿಯಲ್ಲಿ ಸುತ್ತಿಟ್ಟಿದ್ದೀನಿ."

ಪೊಲೀಸಿಗೆ ಹೇಳುವುದಿಲ್ಲ, ಕಾಲೇಜಿಗೂ ಹೇಳುವುದಿಲ್ಲ, ಆದರೆ ಈ ಜಾಗ ನೀನಾಗಿ ಬಿಡಬೇಕು ಎಂದರು ಆಚಾನ್. ಅವಳು ತಲೆಯಾಡಿಸಿ, ಅಲ್ಲೇ ಕೂತು ಬರೆದುಕೊಟ್ಟಳು. ಆಮೇಲೆ ಹೊರಗೆ ಹೋಗಿ ಉರೈಯ ಕಾಲ ಬಳಿ ಕುಳಿತಳು. ಏನು ಹೇಳಿದಳೋ ನಮಗೆ ಕೇಳಲಿಲ್ಲ. ಉರೈ ಮುಖ ತಿರುಗಿಸಿಕೊಂಡಿದ್ದಳು.

ಬಿಲ್ಲೆಗಳನ್ನೂ ಆ ಪತ್ರವನ್ನೂ ಕಾರ್ಖಾನೆಗೆ ಮುಟ್ಟಿಸಿದವನು ಖಮ್‌ನೋಯ್ ಮಾಮ, ತನ್ನ ಹಳೇ ಬೈಕಿನಲ್ಲಿ. ಹೊರಡುವಾಗ ನಾನು ಕೈಮುಗಿದು ತಪ್ಪಾಯಿತೆಂದೆ. "ಇರಲಿ ಬಿಡಿ" ಎಂದ. ನನ್ನ ಮುಖ ನೋಡಲಿಲ್ಲ.

ನಾಲ್ಕಕ್ಕೆ ಫೋನ್ ಬಂತು. ಉರೈ ಕೇಳಲೆಂದು ಸ್ಪೀಕರ್ ಹಾಕಿದೆ. ಉರೈ ಆಯ್ಕೆಯಾಗಿದ್ದಳು, ಸೋಮವಾರದಿಂದ ಬರಬೇಕು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು.

"ಆದ್ರೆ ಕೇಸಿನಿ ಯಾಕೆ ಬೇಡ ಅಂತ ಬರೆದಿದ್ದಾಳೆ?" ಎಂದರು ಸುಮೊಂಥಾ ಮೇಡಂ. "ಅವಳ ಕೆಲಸವೂ ನಮಗೆ ಒಪ್ಪಿಗೆಯಾಗಿತ್ತು. ಈ ವರ್ಷ ಎರಡು ಜಾಗ ಅಂತ ಶುಕ್ರವಾರವೇ ಪತ್ರ ಕಳಿಸಿದ್ವಲ್ಲ?"

ಆಚಾನ್ ನನ್ನನ್ನು ನೋಡಿದರು.

ಪತ್ರ ಬಂದಿತ್ತು. ನಾನು ಓದಿಯೂ ಇದ್ದೆ. ಕಾಲೇಜಿನ ನಿರ್ದೇಶಕರ ಸಹಿಯಿಲ್ಲದೆ ಸೂಚನಾ ಫಲಕಕ್ಕೆ ಏನನ್ನೂ ಹಚ್ಚುವಂತಿಲ್ಲ. ಅವರು ಮಗನ ಸನ್ಯಾಸ ದೀಕ್ಷೆಗೆಂದು ಊರಿಗೆ ಹೋಗಿದ್ದರು. ಪತ್ರವನ್ನು ನನ್ನ ಟ್ರೇಯಲ್ಲಿ ಇಟ್ಟುಕೊಂಡು ಕಾದೆ. ಆಚಾನರಿಗೂ ಹೇಳಲಿಲ್ಲ. ಸೋಮವಾರ ಇಬ್ಬರೂ ನನ್ನೆದುರಿಗೇ ನಿಂತು ಪೆಟ್ಟಿಗೆ ಒಪ್ಪಿಸಿದ್ದರು. ಬಾಯಿಮಾತಿಗೆ ಹೇಳಲು ಯಾರ ಸಹಿ ಬೇಕಿತ್ತು? ಕೈಗೆ ಬಂದ ತುತ್ತು ಆ ಹುಡುಗಿಯ ಬಾಯಿಗೆ ಬರದ ಹಾಗೆ ಮಾಡಿದವಳು ಅವಳೊಬ್ಬಳೇ ಅಲ್ಲ.

"ಅವಳ ಮನೆ ಕಡೆ ತೊಂದರೆ," ಎಂದು ಆಚಾನ್ ಸುಳ್ಳು ಹೇಳಿ ಫೋನ್ ಇಟ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉರೈ ಗೋಡೆ ಬಿಟ್ಟು ಮೇಜಿನ ಬಳಿ ಬಂದಳು.

"ಎರಡು ಜಾಗ ಇತ್ತಾ ಅಕ್ಕ?"

"ಇತ್ತು."

ಅವಳು ಹೋಗಿ ಬಾಗಿಲು ಮುಚ್ಚಿ ಬಂದಳು.

"ಕೇಸಿನಿಗೆ ಹೇಳ್ಬೇಡಿ. ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ," ಎಂದಳು.

ಗುರುವಾರ ನಿರ್ದೇಶಕರು ಬಂದು ಟ್ರೇಯಲ್ಲಿದ್ದದ್ದಕ್ಕೆಲ್ಲ ಸಹಿ ಹಾಕಿ ಹೋದರು. ಸಹಿಯಾದ ಪತ್ರವನ್ನು ಆ ದಿನವೇ ಫಲಕಕ್ಕೆ ಹಚ್ಚುವುದು ನನ್ನ ಕೆಲಸ. ಹದಿನಾರು ವರ್ಷದಲ್ಲಿ ಮೊದಲ ಸಲ ಒಂದನ್ನು ಹಚ್ಚಲಿಲ್ಲ.